ಬಾಯಲ್ಲಿ ಗುಂಡುಸೂಜಿ

ಸಿನಿಮಾದಲ್ಲಿ ನಮ್ಮ ದೇಶದ ಸೈನಿಕನೊಬ್ಬ ಸತ್ತಾಗ ಚಿತ್ತಾಪುರದ ಡೇರೆಯಲ್ಲಿ ಜನ ಚಪ್ಪಾಳೆ ತಟ್ಟಿ ಸೀಟಿ ಹೊಡೆದರು. ಹೊಡೆಸಿದವನು ನಾನು. ಆ ಸಂಜೆ ಆ ಸೈನಿಕ ಸತ್ತದ್ದು ಪರದೆಯ ಮೇಲಲ್ಲ, ನನ್ನ ಬಾಯಲ್ಲಿ. ನಾನೇ ಹುಟ್ಟಿಸಿ, ನಾನೇ ಗುಂಡು ಹಾರಿಸಿ, ಕೊಂದದ್ದಕ್ಕೆ ಭೇಷ್ ಅನ್ನಿಸಿಕೊಂಡೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದುತ್ತಾ ಹೋದಂತೆ ನೀವು ಬೈಯಲು ಯಾರನ್ನಾದರೂ ಹುಡುಕುತ್ತೀರಿ. ಸಿಗುತ್ತಾರೆ, ಇಲ್ಲವೆಂದಲ್ಲ. ಆದರೆ ಸರದಿಯಲ್ಲಿ ಮೊದಲು ನಿಂತವನು ನಾನು.

ಆಗ ನನಗೆ ಇಪ್ಪತ್ತರ ಆಸುಪಾಸು. ಓದು ಹತ್ತಿರಲಿಲ್ಲ. ಬರುತ್ತಿದ್ದದ್ದು ಒಂದೇ ವಿದ್ಯೆ, ಮಂದಿಯ ದನಿ ಕದಿಯುವುದು. ಮೂಗಿನಲ್ಲೇ ರೈಲು ಓಡಿಸುವಂತೆ ಮಾತಾಡುವ ಸ್ಟೇಷನ್ ಮಾಸ್ತರರು, ಎರಡು ಸಲ ಸೀನುವುದರ ನಡುವೆ ಒಂದು ಲೆಕ್ಕ ಹೇಳಿಕೊಡುವ ನಶ್ಯದ ಮಾಸ್ತರರು, ಗಿರಣಿಯ ಸದ್ದಿನಲ್ಲೇ ಬಾಳಿ ಮನೆಯೊಳಗೂ ಒದರಿಯೇ ಮಾತಾಡುವ ಹಿಟ್ಟಿನ ಗಿರಣಿಯ ಅಮ್ಮ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆ ಇಲ್ಲದೆ ಇದ್ದರು. ನಮ್ಮಪ್ಪನನ್ನೂ ಬಿಟ್ಟಿರಲಿಲ್ಲ. ಮನೆಯಲ್ಲಿ ನೀರು ಕೊಡು ಎಂದರೂ ಅವ್ವ "ಯಾರ್ ಬಂದಾರೋ?" ಎಂದು ಬಾಗಿಲ ಕಡೆ ನೋಡುತ್ತಿದ್ದಳು. ನನ್ನ ಸ್ವಂತದ್ದು ಎನ್ನುವ ದನಿಯೂ ಒಂದಿತ್ತು. ಅದನ್ನು ಕೇಳಿ ಯಾರೂ ನಗುತ್ತಿರಲಿಲ್ಲವಾದ್ದರಿಂದ ಅದನ್ನು ಬಳಸುತ್ತಿರಲಿಲ್ಲ.

ಈ ವಿದ್ಯೆಗೆ ಅನ್ನ ಹಾಕಿದ್ದು ಟೂರಿಂಗ್ ಟಾಕೀಸು. ಅದರ ಮಾಲಕರ ಡೇರೆ ಕೆಲವು ತಿಂಗಳು ಚಿತ್ತಾಪುರದಲ್ಲಿ, ಕೆಲವು ತಿಂಗಳು ಸೇಡಂನಲ್ಲಿ, ಆಮೇಲೆ ಚಿಂಚೋಳಿಯಲ್ಲಿ. ಇದ್ದದ್ದು ಒಂದೇ ಮಷಿನ್. ಒಂದು ರೀಲು ಮುಗಿದರೆ ದೀಪ ಹತ್ತಬೇಕು, ಆಪರೇಟರ್ ಇನ್ನೊಂದನ್ನು ಏರಿಸಬೇಕು, ಅಲ್ಲಿಯವರೆಗೆ ಜನ ಗದ್ದಲ ಮಾಡಬೇಕು. ಬರುತ್ತಿದ್ದವು ಹೆಚ್ಚಾಗಿ ಹಿಂದಿ ಚಿತ್ರಗಳು. ಊರೊಳಗಿನವರಿಗೆ ಅರ್ಥವಾಗುತ್ತಿತ್ತು, ಬಂಡಿ ಕಟ್ಟಿಕೊಂಡು ಹಳ್ಳಿಯಿಂದ ಬಂದವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಅರ್ಧಂಬರ್ಧ. ಅದಕ್ಕೆ ಮಾಲಕರು ಪರದೆಯ ಮುಂದೆ ಒಂದು ಸ್ಟೂಲು ಹಾಕಿಸಿ ನನ್ನನ್ನು ಏರಿಸಿದ್ದರು. ದೀಪ ಹತ್ತಿದ ಕೂಡಲೇ ನಾನು ಆದದ್ದನ್ನೂ ಆಗುವುದನ್ನೂ ನಮ್ಮ ಮಾತಿನಲ್ಲಿ ಹೇಳಬೇಕು. ಸೇಡಂನಲ್ಲಾದರೆ ನಡುನಡುವೆ ತೆಲುಗು ಉದುರಿಸಬೇಕು. ಪಾತ್ರಕ್ಕೊಂದು ದನಿ ಕೊಡುತ್ತಿದ್ದೆ. ದನಿಗಳೆಲ್ಲ ಆಯಾ ಊರಿನವೇ. ನಾಯಕಿಯ ತಾಯಿ ಗಿರಣಿಯ ಅಮ್ಮನಂತೆ ಒದರಿ ಅತ್ತರೆ ಡೇರೆಯೇ ನಗೆಯಲ್ಲಿ ಎದ್ದು ಕೂರುತ್ತಿತ್ತು. ಜನ ಸಿನಿಮಾಕ್ಕಿಂತ ರೀಲು ಬದಲಾಗುವುದನ್ನು ಕಾಯುತ್ತಾರೆ ಎಂದು ಆಪರೇಟರ್ ಮುನಿಸಿಕೊಂಡಿದ್ದ. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಬಸ್‌ಸ್ಟ್ಯಾಂಡಿನ ಹಿಂದೆ ಒಬ್ಬ ದರ್ಜಿ ಚಾಚಾ ಇದ್ದರು. ಎದ್ದಾಗಿನಿಂದ ಮಲಗುವವರೆಗೂ ತುಟಿಗಳ ನಡುವೆ ಗುಂಡುಸೂಜಿ. ಹಾಗಾಗಿ ಅವರ ಮಾತು ಬಾಯಿಯ ಎಡಮೂಲೆಯಿಂದ, ಹಿಂಡಿದಂತೆ, ಗಾಳಿ ಬೆರೆತು ಹೊರಬೀಳುತ್ತಿತ್ತು. ಅಂಗಿಯ ಅಳತೆ ತೆಗೆದುಕೊಳ್ಳುವಾಗ ಕೈ ಎತ್ತಿಸಲು "ಹಾಥ್ ಉಠಾವ್ ಮಿಯಾಂ, ಹಾಥ್ ಉಠಾವ್" ಎನ್ನುತ್ತಿದ್ದರು. ಸೂಜಿ ತೆಗೆದಿಟ್ಟಾಗಲೂ ಅದೇ ದನಿ. ತುಟಿಗೆ ಅದೇ ರೂಢಿಯಾಗಿಬಿಟ್ಟಿತ್ತು. ನಾನು ಅವರೆದುರೇ ಅವರಂತೆ ಮಾತಾಡಿದರೆ ಹೊಟ್ಟೆ ಹಿಡಿದು ನಗುತ್ತಿದ್ದರು. "ಇನ್ನೊಮ್ಮೆ ಮಾಡಿ ತೋರಸೋ ಬೇಟಾ, ಈ ಸಾವಕಾರ್ರಿಗಿ" ಎಂದು ಗಿರಾಕಿಗಳ ಮುಂದೆ ತಾವೇ ನನ್ನನ್ನು ಕುಣಿಸುತ್ತಿದ್ದರು. ಅವರ ನಗೆಯನ್ನೇ ನಾನು ಕಾಯಂ ಪರವಾನಗಿ ಎಂದುಕೊಂಡೆ.

ಚಾಚಾನ ಒಬ್ಬನೇ ಮಗ ಮಿಲಿಟರಿಯಲ್ಲಿದ್ದ. ಯುದ್ಧದ ದಿನಗಳಲ್ಲಿ ಚಹಾದ ಅಂಗಡಿಯ ರೇಡಿಯೋ ಮುಂದೆ ಊರೇ ಕೂರುತ್ತಿತ್ತು. ಚಾಚಾ ಬಂದು ಬೆಂಚಿನ ತುದಿಗೆ ಕುಳಿತರೆ ಮಾತಾಡುತ್ತಿದ್ದವರು ದನಿ ತಗ್ಗಿಸುತ್ತಿದ್ದರು. ಬೈಯುತ್ತಿರಲಿಲ್ಲ, ಏಳು ಅನ್ನುತ್ತಿರಲಿಲ್ಲ. ದನಿಯನ್ನಷ್ಟೇ ತಗ್ಗಿಸುತ್ತಿದ್ದರು. ಯುದ್ಧ ನಡೆದಿರುವಾಗಲೇ ಮಗ ಮಿಲಿಟರಿ ದವಾಖಾನೆಯಲ್ಲಿ ಕಾಮಾಲೆಯಾಗಿ ತೀರಿಕೊಂಡ. ಊರು ಅದಕ್ಕೂ ಒಂದು ಮಾತು ಹುಡುಕಿತು. "ಗುಂಡು ಬಡದು ಸತ್ತಿದ್ರ ಮಾತು ಬ್ಯಾರೆ ಇತ್ತು ಬಿಡ್ರಿ. ಇವ ಹಾಸಿಗ್ಯಾಗ ಸತ್ತಾನ" ಎಂದ ಚಹಾದ ಅಂಗಡಿಯವ. ನಲವತ್ತನೆಯ ದಿನದ ಊಟಕ್ಕೆ ಚಾಚಾ ರೇಡಿಯೋ ಬೆಂಚಿನವರನ್ನೆಲ್ಲ ಕರೆದು ಬಂದಿದ್ದರು. ಬೇರೆ ಅಡುಗೆಯವನಿಂದ ಬೇರೆ ಪಾತ್ರೆಯಲ್ಲಿ ಬೇಳೆ ಸಾರು, ಅನ್ನ ಮಾಡಿಸಿದ್ದರು. ಒಬ್ಬನಿಗೆ ಸಂತೆ, ಒಬ್ಬನಿಗೆ ಹೊಲ, ಒಬ್ಬನಿಗೆ ಹೊಟ್ಟೆನೋವು. ಆ ಬೇಳೆ ಸಾರು ಹಳಸಿತು. ನಾನು ಹೋಗಿ ಉಂಡಿದ್ದೆ. ಅದೇನೂ ನನ್ನ ದೊಡ್ಡತನವಲ್ಲ, ನಾನು ಊಟವಿದ್ದಲ್ಲಿಗೆಲ್ಲ ಹೋಗುವವನು.

ಮರುವರ್ಷ ಯುದ್ಧದ ಮೇಲೊಂದು ಪ್ರೇಮದ ಚಿತ್ರ ವಾಡಿ ಊರಿನ ಟಾಕೀಸಿಗೆ ಬಂತು. ನಮ್ಮ ಡೇರೆಗೆ ಬರುವ ಮೊದಲು ದನಿ ಕೂಡಿಸಿಕೊಳ್ಳಲೆಂದು ನಾನು ಅಲ್ಲಿಗೇ ಹೋಗಿ ನೋಡಿಕೊಂಡು ಬರುವುದು ವಾಡಿಕೆ. ನಾಯಕ ಸೈನ್ಯದ ಅಧಿಕಾರಿ. ನಾಯಕಿ ನರ್ಸು, ಹಿಮದಲ್ಲಿ ತೆಳು ಸೀರೆಯುಟ್ಟು ಹಾಡಿದರೂ ಒಂದು ಸಲವೂ ಸೀನುವುದಿಲ್ಲ. ಪೋಸ್ಟರಿನ ಮೇಲೆ ಇಡೀ ದೇಶವನ್ನೇ ಒಂದು ಕಂದಕದಲ್ಲಿ ಕೂರಿಸಿದ್ದರು. ಪೇಟದವ ಒಬ್ಬ, ಮೀಸೆಯ ರಜಪೂತ ಒಬ್ಬ, ಟೋಪಿಯ ಮುಸಲ್ಮಾನ ಒಬ್ಬ. ವಿಂಧ್ಯದಿಂದ ಈಚೆಗಿನ ನಮಗೆಲ್ಲ ಒಟ್ಟಾಗಿ ಹಣೆಗೆ ನಾಮ ಬಳಿದುಕೊಂಡ ಒಬ್ಬ ಅಡುಗೆಯವ. ಅವನು ಬಂದೂಕಿನ ಸದ್ದಿಗೆ "ಅಯ್ಯಯ್ಯೋ" ಎನ್ನುತ್ತ ಸೌಟು ಹಿಡಿದು ಓಡುತ್ತಿದ್ದ. ವಾಡಿಯ ಜನ ಅವನನ್ನು ನೋಡಿ ಬಿದ್ದು ಬಿದ್ದು ನಕ್ಕರು. ತಮ್ಮನ್ನೇ ನೋಡಿ ನಗುತ್ತಿದ್ದೇವೆಂದು ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ನಾನು ಆ "ಅಯ್ಯಯ್ಯೋ"ವನ್ನು ಬಾಯಿಪಾಠ ಮಾಡುತ್ತಿದ್ದೆ.

ನಾನು ಮರಳಿ ಬಂದಾಗ ಚಾಚಾ ಡೇರೆಯಲ್ಲೇ ಇದ್ದರು. ಗಾಳಿಗೆ ಹರಿದ ಪರದೆಯನ್ನು ನೆಲದ ಮೇಲೆ ಹಾಸಿಕೊಂಡು, ಹೊಲಿಗೆಯ ಗುರುತು ಕಾಣದಂತೆ ಕೈಯಿಂದಲೇ ಹೊಲಿಯುತ್ತಿದ್ದರು. ಆ ಚಿತ್ರದ ಸುದ್ದಿ ಅವರಿಗೆ ಶಹಾಬಾದಿನ ಬೀಗರಿಂದ ಮುಟ್ಟಿತ್ತು.

"ಬೇಟಾ, ಅದ್ರಾಗ ನಮ್ಮವ ಒಬ್ಬ ಹಾನಂತ, ಖರೇ ಏನು?"

"ಹಾನ್ರೀ ಚಾಚಾ. ಕಡೀ ರೀಲಿನ ಹಿಂದಿನ ರೀಲಿನಾಗ ಅವಂದೇ ಎಲ್ಲ. ಹೀರೋನ ಹೆಗಲ ಮ್ಯಾಗ ಹೊತ್ಕೊಂಡು ಹೊಳಿ ದಾಟಸ್ತಾನ. ಗುಂಡು ಬಡದು ಸಾಯ್ತಾನ."

ಚಾಚಾ ಸೂಜಿಗಳನ್ನು ಬಾಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡರು. "ವರ್ದಿ ಯಾವುದು?"

"ಅಂದ್ರ?"

"ಮೈ ಮ್ಯಾಲಿನ ವರ್ದಿನೋ ಹುಚ್ಚಾ. ಹೀರೋ ಹಾಕ್ಕೊಂಡಿದ್ದೇ ಇವನೂ ಹಾಕ್ಕೊಂಡಾನೇನು? ಅದೇ ಬಟ್ಟಿ? ಅದೇ ಕಾಲರ್?"

"ಅದೇ ರೀ. ಒಂದೇ ಬಟ್ಟಿ ಥಾನಿಂದು ಹರದಂಗ ಅದ."

ಚಾಚಾ ಹೊಲಿಗೆ ಮುಗಿಸಿ ಎದ್ದರು. ಆ ದಿನವೇ ರೇಡಿಯೋ ಬೆಂಚಿನಿಂದ ಶುರುಮಾಡಿದರು. ಚಹಾದ ಅಂಗಡಿಯವ, ಗಿರಣಿಯ ಅಮ್ಮ, ನಶ್ಯದ ಮಾಸ್ತರರು, ಅಂದು ಊಟಕ್ಕೆ ಬಾರದವರ ಮನೆಗಳಿಗೆಲ್ಲ ಎರಡನೆಯ ಸಲ ಹೋದರು. "ಸಿನಿಮಾಕ್ಕ ಬರ್ರಿ. ನಮ್ಮ ಹುಡಗನಂಥವ ಒಬ್ಬ ಹಾನ ಅದ್ರಾಗ. ಒಮ್ಮೆ ನೋಡ್ರಿ ಸಾಕು." ಮಗನನ್ನಂತೂ ಊರು ತನ್ನ ಸೈನಿಕ ಎಂದು ಕರೆಯಲಿಲ್ಲ. ಅವನಂಥವನೊಬ್ಬ ಪರದೆಯ ಮೇಲೆ ಆ ವರ್ದಿಯಲ್ಲಿ ಸತ್ತರೆ, ಅದನ್ನು ಊರೆಲ್ಲ ಒಟ್ಟಿಗೆ ಕುಳಿತು ಕಣ್ಣಾರೆ ನೋಡಿದರೆ, ತನ್ನವನಿಗೂ ಒಂದು ಹನಿ ಕಣ್ಣೀರು ಸಂದೀತು ಎಂಬ ಲೆಕ್ಕ ಅವರದು. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ, ಅವರೇ ನನಗೆ ಹೇಳಿದ್ದರು. ಊಟಕ್ಕೆ ಬಾರದವರು ಸಿನಿಮಾಕ್ಕೆ ಬಂದರು. ಸಿನಿಮಾಕ್ಕೆ ಯಾರಿಗೆ ತಾನೇ ಹೊಟ್ಟೆನೋವು?

ಆ ಸಂಜೆ ಡೇರೆ ತುಂಬಿತ್ತು. ಚಾಚಾ ಒಗೆದ ಶೇರವಾನಿ ತೊಟ್ಟು ಮುಂದಿನ ಬೆಂಚಿನಲ್ಲಿ ಕುಳಿತಿದ್ದರು. ಹುಟ್ಟಾ ಸಿನಿಮಾ ನೋಡದ ಅವರ ಹೆಂಡತಿ ಚಾಚಿ ಹೆಂಗಸರ ಕಡೆ, ಗಿರಣಿಯ ಅಮ್ಮನ ಪಕ್ಕದಲ್ಲಿ. ಮೊದಲ ರೀಲು ಮುಗಿದು ದೀಪ ಹತ್ತಿತು. ನಾನು ಸ್ಟೂಲು ಏರಿದೆ. ನಾಯಕನಿಗೆ ಆಕಾಶವಾಣಿಯ ವಾರ್ತೆಯಂಥ ಕನ್ನಡ ಕೊಟ್ಟೆ. ಎರಡನೆಯ ರೀಲಿನಲ್ಲಿ ವೈರಿಗಳ ಅಧಿಕಾರಿ ಬಂದ. ಪರದೆಯ ಮೇಲೆ ನಾಯಕನೂ ಅವನೂ ಆಡುವುದು ಒಂದೇ ಹಿಂದಿ, ಒಂದೇ ಉಚ್ಚಾರ. ಬೇರೆ ಮಾಡಿದವನು ನಾನು. ಆ ಅಧಿಕಾರಿ ಬಂದೂಕು ಹಿಡಿದು ಕೈ ಎತ್ತಿಸುವ ಜಾಗದಲ್ಲಿ ನನ್ನ ಬಾಯಿ ತಾನಾಗಿ ಎಡಕ್ಕೆ ಸೊಟ್ಟಗಾಯಿತು. "ಹಾಥ್ ಉಠಾವ್ ಮಿಯಾಂ, ಹಾಥ್ ಉಠಾವ್!"

ಡೇರೆ ಹಾರಿಹೋಗುವಂಥ ನಗೆ. ಹಿಂದಿನಿಂದ ಯಾರೋ "ನಮ್ಮ ದರ್ಜಿ ಚಾಚಾ ಬಂದ್ನಲೇ!" ಎಂದು ಕೂಗಿದರು. ನಾನು ಚಾಚಾನ ಮುಖ ನೋಡಿದೆ. ಅವರೂ ನಕ್ಕರು, ಅಂಗಡಿಯಲ್ಲಿ ನಕ್ಕಂತೆಯೇ. ಅಲ್ಲಿಂದ ಮುಂದೆ ದೀಪ ಹತ್ತಿದಾಗೆಲ್ಲ ನಾನು ಆ ಅಧಿಕಾರಿಯನ್ನು ಬಿಡಲಿಲ್ಲ. ಕತೆಯಲ್ಲಿ ಅವನಿಲ್ಲದ ಕಡೆಯೂ ತಂದು ಕೂರಿಸಿದೆ. ಕೊನೆಕೊನೆಗೆ ನಾನು ಬಾಯಿ ಸೊಟ್ಟ ಮಾಡಿದರೆ ಸಾಕು, ಮಾತು ಬರುವ ಮುಂಚೆಯೇ ಜನ ವೈರಿ ಬಂದನೆಂದು ಹೋ ಎನ್ನುತ್ತಿದ್ದರು.

ಆಮೇಲೆ ಆ ರೀಲು. ರೀಲಿನ ಡಬ್ಬಿಗಳು ವಾಡಿಯಿಂದ ಸಂಜೆಯ ಪ್ಯಾಸೆಂಜರ್ ರೈಲಿಗೆ ಬರುತ್ತಿದ್ದವು. ಆಪರೇಟರ್ ಡಬ್ಬಿ ತೆಗೆದು ಏರಿಸಿದ. ಪರದೆಯ ಮೇಲೆ ಒಬ್ಬ ರೈತ ಗೊಬ್ಬರದ ಗುಂಡಿಯ ಪಕ್ಕ ನಿಂತು ನಗುತ್ತಿದ್ದ. ಸರಕಾರದ ಗೊಬ್ಬರದ ಚಿತ್ರ! ವಾಡಿಯಲ್ಲಿ ಡಬ್ಬಿ ಅದಲುಬದಲಾಗಿತ್ತು. ಜನ ಮಣ್ಣು ತೂರತೊಡಗಿದರು. ದೀಪ ಹತ್ತಿತು. ಮಾಲಕರು ಓಡಿಬಂದು ನನ್ನ ಕಿವಿಯಲ್ಲಿ, "ಲೇ ಮಂಗ್ಯಾ, ಏರು ಸ್ಟೂಲ್ ಮ್ಯಾಗ. ಆ ರೀಲ್ ಪೂರಾ ನೀನೇ ಹೇಳಿ ಮುಗಸು. ಕಡೀ ರೀಲ್ ಅದ, ಆಮ್ಯಾಲ ಏರಸ್ತೀವಿ" ಎಂದರು.

ನಾನು ಏರಿದೆ. ಚಾಚಾ ಬೆಂಚಿನಲ್ಲಿ ನೆಟ್ಟಗಾದರು. ಅವರು ಕಾಯುತ್ತಿದ್ದುದು ಇದೇ ರೀಲು ಎಂದು ನನಗೆ ಗೊತ್ತಿತ್ತು. ಮರ್ಯಾದೆಯಿಂದಲೇ ಹೇಳಬೇಕೆಂದುಕೊಂಡೆ, ಆಣೆ ಮಾಡಿ ಹೇಳುತ್ತೇನೆ. ಗಾಯಗೊಂಡ ನಾಯಕ ಹೊಳೆಯ ದಂಡೆಯಲ್ಲಿ ಬಿದ್ದಿದ್ದಾನೆ, ನಮ್ಮ ಪಾಳಯದ ಮುಸಲ್ಮಾನ ಸೈನಿಕ ತೆವಳುತ್ತ ಬರುತ್ತಾನೆ, ಇಲ್ಲಿಯವರೆಗೆ ಸರಿಯಾಗಿಯೇ ಹೇಳಿದೆ. ಈಗ ಅವನು ಮಾತಾಡಬೇಕು. ನನ್ನ ಗಂಟಲಲ್ಲಿ ಊರಿನ ದನಿಗಳೆಲ್ಲ ಇದ್ದವು, ಆದರೆ ಆ ಗಳಿಗೆಗೆ ಮುಸಲ್ಮಾನನದು ಅಂತ ನಾಲಿಗೆಗೆ ಬಂದದ್ದು ಒಂದೇ. ಬಾಯಿ ಎಡಕ್ಕೆ ಸೊಟ್ಟಗಾಯಿತು. "ಸಾಬ್, ಮೇರೆ ಕಂಧೇ ಪೆ ಆಜಾವ್, ನನ್ನ ಹೆಗಲ ಮ್ಯಾಗ ಬರ್ರಿ..."

ಹೋ! ವೈರಿ ಬಂದ! ನಾನು "ಇವ ಬ್ಯಾರೆ, ಇವ ನಮ್ಮವ" ಎಂದೆ. ನಗೆಯಲ್ಲಿ ಅದು ಮುಳುಗಿತು. ಅಲ್ಲೇ ನಿಲ್ಲಿಸಿ, ಸುಮ್ಮನಾಗಿಸಿ, ಮತ್ತೆ ಮೊದಲಿನಿಂದ ಹೇಳಬಹುದಿತ್ತು. ಹೇಳಲಿಲ್ಲ. ನಗೆ ನುಗ್ಗಿ ಬರುವಾಗ ಸ್ಟೂಲಿನ ಮೇಲೆ ನಿಂತವನಿಗೆ ಬುದ್ಧಿ ಇರುವುದಿಲ್ಲ. "ಹೀರೋನ ಹೊತ್ಕೊಂಡು ಹೊಂಟಾನಲೇ ಬದ್ಮಾಶ್! ಹೊಡೀರೋ ಅವನ್ನ!" ಎಂದು ಹಿಂದಿನವರು ಎದ್ದು ನಿಂತರು. ನಾನು ಮುಂದುವರಿಸಿದೆ. ಸೈನಿಕ ಹೊಳೆಗಿಳಿದ. ಪ್ರತಿ ಹೆಜ್ಜೆಗೂ ಆ ದನಿಯಲ್ಲಿ ಏದುಸಿರು ಬಿಟ್ಟೆ, ಪ್ರತಿ ಏದುಸಿರಿಗೂ ನಕ್ಕರು.

ಆಗ ಚಾಚಾ ಎದ್ದರು. ನನ್ನ ಕಡೆ ತಿರುಗಲಿಲ್ಲ, ಜನರ ಕಡೆ ತಿರುಗಿದರು. ಎರಡೂ ಕೈ ಮುಂದೆ ಚಾಚಿ ಕೂಗಿದರು: "ಅರೇ ಭಾಯಿ, ಅವ ನಮ್ಮವ ಹಾನ್ರೀ! ವೈರಿ ಅಲ್ರೀ ಅವ! ನಮ್ಮ ವರ್ದಿ ಹಾಕ್ಕೊಂಡಾನ್ರೀ!"

ಬಾಯಲ್ಲಿ ಸೂಜಿಯಿರಲಿಲ್ಲ. ಆದರೂ ಮಾತು ಎಡಮೂಲೆಯಿಂದಲೇ, ಹಿಂಡಿಕೊಂಡೇ ಬಂತು. ಅರೆಗಳಿಗೆ ಡೇರೆ ತಬ್ಬಿಬ್ಬಾಯಿತು. ನಂತರ ಒಬ್ಬ ಚೀರಿದ, "ಏ ಅಲ್ಲೊಬ್ಬ ಎದ್ದಾನ ನೋಡ್ರೋ, ಡಬಲ್ ಪಾರ್ಟು!" ನಾನೂ ಅವರೂ ಸೇರಿ ಹೂಡಿದ ಆಟವೆಂದೇ ಜನ ತಿಳಿದರು. ಚಾಚಾ ಕೂಗಿದಷ್ಟೂ ನಗೆ ಏರಿತು. "ಕರೇಕ್ಟ್ ಮಾಡ್ತಾನಲೇ, ಹುಡಗನಕಿಂತ ಮುದುಕನೇ ಪಸಂದ್!" ಚಹಾದ ಅಂಗಡಿಯವ ಕಣ್ಣೀರು ಒರೆಸಿಕೊಳ್ಳುತ್ತಿದ್ದ, ನಕ್ಕು ನಕ್ಕು. ಅವರು ನಿಂತಿರುವಾಗಲೇ, ಕೈ ಇನ್ನೂ ಚಾಚಿರುವಾಗಲೇ, ಕತೆಗೆ ಗುಂಡಿನ ಸದ್ದು ಬೇಕಾಗಿತ್ತು. ನಾನು ಬಾಯಲ್ಲಿ "ಢಂ" ಎಂದೆ.

ಚಪ್ಪಾಳೆ, ಸೀಟಿ. ಚಾಚಾ ಕುಳಿತರು. ಕೊನೆಯ ರೀಲು ಓಡಿತು. ನಾಯಕ, ನಾಯಕಿ ಹಿಮದಲ್ಲಿ ಸೇರಿದರು. ತನ್ನನ್ನು ಹೊತ್ತು ತಂದವನನ್ನು ಅವನೂ ನೆನೆಯಲಿಲ್ಲ. ಹೊರಗೆ ಬರುವಾಗ ಮಾಲಕರು ನನ್ನ ಬೆನ್ನು ಚಪ್ಪರಿಸಿ, "ಆ ರೀಲ್ ಇಲ್ಲದ್ದೇ ಚಲೋ ಆಯ್ತು ನೋಡಲೇ" ಎಂದರು.

ಮರುದಿನದಿಂದ ಚಾಚಾನ ಅಂಗಡಿಗೆ ಬರುವ ಹುಡುಗರು ಹೊಸ್ತಿಲಲ್ಲೇ ಎರಡೂ ಕೈ ಮೇಲೆತ್ತಿ ನಿಲ್ಲತೊಡಗಿದರು. ದೊಡ್ಡವರೂ ಎತ್ತಿದರು. ದ್ವೇಷವಿರಲಿಲ್ಲ, ನಗುನಗುತ್ತಲೇ. ದ್ವೇಷವಿದ್ದಿದ್ದರೆ ಒಬ್ಬಿಬ್ಬರಾದರೂ ನಾಚುತ್ತಿದ್ದರೇನೋ. ಚಾಚಾ ಅಳತೆ ತೆಗೆದುಕೊಳ್ಳುವಾಗ ಮಾತಾಡುವುದನ್ನು ಬಿಟ್ಟರು. ಟೇಪು ಹಿಡಿದು ಗಿರಾಕಿಯ ತೋಳನ್ನು ತಾವೇ ಮೆಲ್ಲಗೆ ಎತ್ತುತ್ತಿದ್ದರು. ಚಹಾದ ಅಂಗಡಿಯಲ್ಲಿ ನಾನು ಕತೆಯನ್ನು ಸರಿಮಾಡಿ ಹೇಳಲು ಹೋದೆ, ಅವ ನಮ್ಮ ಸೈನಿಕ, ನಮಗಾಗಿ ಸತ್ತವ ಎಂದು. ನನ್ನ ಸ್ವಂತ ದನಿಯಲ್ಲಿ ಹೇಳಿದೆ. "ಇದು ಯಾರ ದನಿಲೇ? ಗುರ್ತ ಹತ್ತವಲ್ದು" ಎಂದು ಕೇಳಿ ನಕ್ಕರು.

ಚಿತ್ರ ಸೇಡಂಗೆ, ಇನ್ನೊಬ್ಬರ ಡೇರೆಗೆ ಹೋಗಿತ್ತು. ನಾನೂ ಹೋದೆ. ಅಲ್ಲಿ ಡಬ್ಬಿ ಸರಿಯಾಗಿತ್ತು. ಸ್ಟೂಲಿನ ಗೊಡವೆಯಿಲ್ಲದೆ, ಹಿಂದೆ ಕಂಬಕ್ಕೆ ಒರಗಿ ಆ ರೀಲನ್ನು ನೋಡಿದೆ. ಆ ಸೈನಿಕ ಅಲ್ಲಿಯವರೆಗೆ ಬಿರಿಯಾನಿ ಮಾಡುವುದು, ಕವ್ವಾಲಿ ಹಾಡುವುದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಅವನಿಗೊಂದು ಊರು ಕೊಟ್ಟಿರಲಿಲ್ಲ, ಹೆಂಡತಿಯನ್ನೋ ತಾಯಿಯನ್ನೋ ಕೊಟ್ಟಿರಲಿಲ್ಲ. ಸಾಯಲಿಕ್ಕೆಂದೇ ಕರೆತಂದಿದ್ದರು. ಆದರೂ ಅವನು ಹೊಳೆಯಲ್ಲಿ ಕುಸಿದಾಗ ಸೇಡಂನ ಡೇರೆಯಲ್ಲಿ ಯಾರೂ ಕೆಮ್ಮಲಿಲ್ಲ. ಮೈಮೇಲೆ ಅದೇ ವರ್ದಿ, ಅದೇ ಕಾಲರು. ಇಷ್ಟು ಸಾಕಾಗಿತ್ತು ಚಾಚಾಗೆ, ಇಷ್ಟೇ ಇಷ್ಟು. ಅದನ್ನೂ ನಾನು ತಿಂದು ತೇಗಿದ್ದೆ.

ಚಿತ್ತಾಪುರಕ್ಕೆ ಮರಳಿ ನಮ್ಮ ಮಾಲಕರ ಕಾಲು ಹಿಡಿದೆ. "ಒಂದೇ ಒಂದು ಶೋ, ಚಿತ್ತಾಪುರದಾಗ ಮತ್ತೊಮ್ಮೆ ಹಾಕ್ರಿ."

"ಹುಚ್ಚ ಹಿಡದದೇನಲೇ? ಮುಂದ ಚಿಂಚೋಳಿಗಿ ಹೋಗಬೇಕು ಅದು. ಮತ್ತ ಹಾಕಿದ್ರೂ ಏನಾಗ್ತದ? ಒಮ್ಮೆ ನಕ್ಕ ಊರು ಅದೇ ಜಾಗಾಕ್ಕ ಮತ್ತ ನಗ್ತದ. ಅಳೋದಿಲ್ಲ."

ಅವರ ಮಾತು ನಿಜವೆಂದು ಅವರಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು.

ಆದರೂ ನನ್ನಂಥವನಿಗೆ ಹೊಳೆಯುವ ಉಪಾಯ ಒಂದೇ ಜಾತಿಯದು. ಮರುದಿನ ಮಧ್ಯಾಹ್ನ ಚಾಚಾನ ಮನೆಗೆ ಹೋದೆ. ಚಾಚಾ ಗೋಡೆಗೆ ಒರಗಿ ಕುಳಿತಿದ್ದರು. "ಬಾ, ಕುಂದ್ರು" ಎಂದು ಚಾಪೆಯ ಕಡೆ ಕೈ ಮಾಡಿದರು. ಚಾಚಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು.

"ಚಾಚಿ, ಮುಂದಿನ ಸಿನಿಮಾ ಸುರು ಆಗೋಕಿಂತ ಮೊದಲು ನಾ ಸ್ಟೂಲ್ ಮ್ಯಾಗ ನಿಂತು ಆ ರೀಲ್ ಮತ್ತ ಹೇಳ್ತೀನಿ. ಸಿನಿಮಾ ಹಾಕಂಗಿಲ್ಲ ಅಂದ್ರೂ ಇಷ್ಟಕ್ಕ ಮಾಲಕರು ಒಪ್ಯಾರ. ಈ ಸಲ ಆ ಸೈನಿಕಗ ಚಾಚಾಂದು ದನಿ ಕೊಡಂಗಿಲ್ಲ."

"ಮತ್ಯಾರ್ದು ಕೊಡ್ತಿ?"

"ನಿಮ್ಮ ಮಗಂದು. ನಾವಿಬ್ಬರೂ ಒಂದೇ ಸಾಲ್ಯಾಗ ಇದ್ವಲ್ಲ, ಅವನ ದನಿ ನನಗ ಬರೋಬ್ಬರಿ ಬರ್ತದ. ಊರು ಕೇಳಿ ಗುರ್ತ ಹಿಡೀತದ ಚಾಚಿ. ಈಗೇ ಮಾಡಿ ತೋರಸ್ಲೇನು?"

ಚಾಚಾ ತಲೆ ಎತ್ತಿದರು. ಅವರಿಗೆ ಕೇಳಬೇಕೆನಿಸಿತ್ತು, ಅದು ಅವರ ಮುಖದಲ್ಲೇ ಇತ್ತು. ನಾನು ಗಂಟಲು ಸರಿಮಾಡಿಕೊಂಡೆ. ಚಾಚಿ ಮೊರ ಕೆಳಗಿಟ್ಟು ನನ್ನ ಬಾಯಿಗೆ ಅಡ್ಡ ಕೈ ಹಿಡಿದರು.

"ಬ್ಯಾಡಪ್ಪಾ. ನಿನ್ನ ಬಾಯಾಗ ಬಂದಿದ್ದಕ್ಕೆಲ್ಲ ಊರು ನಗ್ತದ. ಅವನ ದನಿ ಒಂದು ನನ್ನ ಕಿವ್ಯಾಗ ಹಂಗೇ ಅದ, ಅದಕ್ಕ ಇನ್ನೂ ಯಾರೂ ನಕ್ಕಿಲ್ಲ."